ಹೊಸ್ತಿಲು ತಗ್ಗಿಸಿದ ಮನೆ: ಹತ್ತು ತಿಂಗಳ ಕೆಲಸದ ದಾಖಲೆ

2025ರ ಆಗಸ್ಟ್ 23ರ ಶನಿವಾರ, ಕಾಯಿಲೆಯ ಮಕ್ಕಳಿಗಾಗಿ ನಾವು ರಿಪೇರಿ ಮಾಡಿದ ಮನೆಗೆ ಮೊದಲ ಮಗು ಬಂತು. ಎರಡು ರಾತ್ರಿ ಇದ್ದು ಸೋಮವಾರ ಬೆಳಿಗ್ಗೆ ಹೋಯಿತು. ಆ ಎರಡು ರಾತ್ರಿಗಾಗಿ ನಾವು 11 ಜನ ಹತ್ತು ತಿಂಗಳ ಭಾನುವಾರಗಳನ್ನೆಲ್ಲ ಕೊಟ್ಟಿದ್ದೆವು. ಅಳತೆ, ಖರ್ಚು, ತಪ್ಪು ಎಲ್ಲವನ್ನೂ ನಾನೊಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಇಂಥದ್ದೇ ಮನೆ ಮಾಡಲು ಬೇರೆ ಊರಿನವರು ಯಾರಾದರೂ ಹೊರಟರೆ ನಾವು ಬಿದ್ದ ಹೊಂಡಕ್ಕೇ ಅವರೂ ಬೀಳಬಾರದು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಮನೆ ಇರುವುದು ಕುಮಟಾ ತಾಲೂಕಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ವಾಸಿಯಾಗದ ಕಾಯಿಲೆ ಇರುವ ಮಕ್ಕಳನ್ನು ಎರಡು ಮೂರು ದಿನ ನಾವು ನೋಡಿಕೊಳ್ಳುತ್ತೇವೆ. ಅಷ್ಟು ದಿನ ತಾಯಿ ನಿದ್ದೆ ಮಾಡಬಹುದು, ಇನ್ನೊಂದು ಮಗುವಿನ ಜೊತೆ ಇರಬಹುದು, ಸುಮ್ನೆ ಕೂತಿರಬಹುದು. ಮುಂದೆ ಒಂದು ದಿನ, ಬೇಕಾದವರಿಗೆ, ಮಗುವಿನ ಕೊನೆಯ ದಿನಗಳನ್ನೂ ಇಲ್ಲೇ ಕಳೆಯಲು ಜಾಗ ಆಗಬೇಕು. ಆ ಭಾಗ ಇನ್ನೂ ಆಗಿಲ್ಲ. ಚಿಕಿತ್ಸೆ ಕೊಡುವ ಜಾಗವಾದರೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು, ವಾರಕ್ಕೊಮ್ಮೆಯಾದರೂ ಬರುವ ಡಾಕ್ಟರ್ ಬೇಕು. ಈಗ ನಾವು ಮಾಡುವುದು ಮನೆಯಲ್ಲಿ ತಾಯಿ ಏನು ಮಾಡುತ್ತಾಳೋ ಅಷ್ಟನ್ನೇ.

ನಾನು ಐಟಿಐ ಫಿಟರ್. ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ನನ್ನ ಅಕ್ಕನ ಮಗನಿಗೆ ಡುಶೆನ್ ಮಸ್ಕ್ಯುಲರ್ ಡಿಸ್ಟ್ರಫಿ ಇತ್ತು. ಗಂಡುಮಕ್ಕಳಿಗೇ ಹೆಚ್ಚಾಗಿ ಬರುವ, ಸ್ನಾಯು ಸೋಲುತ್ತಾ ಹೋಗುವ ಕಾಯಿಲೆ. ಹತ್ತನೇ ವರ್ಷಕ್ಕೆ ನಡಿಗೆ ನಿಂತಿತು. ಅವರ ಮನೆಯ ಬಚ್ಚಲಿನ ಬಾಗಿಲು 68 ಸೆಂಟಿಮೀಟರ್. ವೀಲ್‌ಚೇರ್ ಒಳಗೆ ಹೋಗುತ್ತಿರಲಿಲ್ಲ. ಏಳು ವರ್ಷ ಅಕ್ಕ ಅವನನ್ನು ಎತ್ತಿಕೊಂಡೇ ಹೋದಳು. ಹದಿನೇಳಕ್ಕೆ ಅವನು ತೀರಿಕೊಂಡ. ಉಳಿ, ಸುತ್ತಿಗೆ, ಡ್ರಿಲ್ಲು ಎಲ್ಲ ನನ್ನ ಅಂಗಡಿಯಲ್ಲೇ ಇದ್ದವು. ಎರಡು ದಿನದ ಕೆಲಸ ಅದು. ನಾನು ಮಾಡಲಿಲ್ಲ, ನನಗೆ ಹೊಳೆಯಲೇ ಇಲ್ಲ.

1. ನವೆಂಬರ್ 17, 2024: ಮನೆ ನೋಡಿದ್ದು

ಮನೆ ಕೊಟ್ಟವರು ಎಂಬತ್ತು ದಾಟಿದ ಒಬ್ಬ ಅಮ್ಮ. ಈಗ ಸಿರಸಿಯಲ್ಲಿ ಮಗನ ಹತ್ತಿರ ಇದ್ದಾರೆ. ಚಿರೆಕಲ್ಲಿನ ಗೋಡೆ, ಮಂಗಳೂರು ಹಂಚು, ಗಾವಿ ನೆಲ, ಮುಂದೆ ಜಗುಲಿ, ಹಿಂದೆ ಬಾವಿ. ನಾಲ್ಕು ವರ್ಷದಿಂದ ಖಾಲಿ ಬಿದ್ದಿತ್ತು. ಹತ್ತು ವರ್ಷಕ್ಕೆ ಬಾಡಿಗೆ ಇಲ್ಲದೆ ಕೊಟ್ಟಿದ್ದಾರೆ. ಬಾಯಿಮಾತು ಬೇಡ ಅಂತ ಅವರೇ ಹೇಳಿ ಕಾಗದ ಮಾಡಿಸಿದರು.

ಮೊದಲ ಸಭೆ ಜಗುಲಿಯಲ್ಲೇ ಆಯಿತು. ನಮ್ಮಲ್ಲಿ ಇಬ್ಬರು ನಿವೃತ್ತ ನರ್ಸ್. ಅದರಲ್ಲಿ ದೊಡ್ಡವರನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು, ಇಲ್ಲಿಂದ ಮುಂದೆ ಅಕ್ಕ ಅಂದರೆ ಇವರೇ. ಮಕ್ಕಳಿಗಾಗಿಯೇ ಆದ ಜಗತ್ತಿನ ಮೊದಲ ಹಾಸ್ಪೈಸ್ (ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೆ ನೋಡಿಕೊಳ್ಳುವ ಮನೆ) ಹುಟ್ಟಿದ ಬಗೆಯನ್ನು ಅಕ್ಕ ಅವತ್ತು ಹೇಳಿದರು. ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ ಸಿಸ್ಟರ್ ಫ್ರಾನ್ಸಿಸ್ ಡೊಮಿನಿಕಾ ಅನ್ನುವವರು ತುಂಬಾ ಕಾಯಿಲೆಯಲ್ಲಿದ್ದ ಹೆಲೆನ್ ಎಂಬ ಮಗುವನ್ನು ಆಗಾಗ ತಮ್ಮ ಹತ್ತಿರ ಇಟ್ಟುಕೊಂಡು ಅಪ್ಪ ಅಮ್ಮನಿಗೆ ಬಿಡುವು ಕೊಡುತ್ತಿದ್ದರಂತೆ. ಅದರಿಂದಲೇ 1982ರಲ್ಲಿ ಹೆಲೆನ್ ಹೌಸ್ ಶುರುವಾಯಿತು. "ಅಲ್ಲೂ ಮೊದಲು ಬಂದದ್ದು ಔಷಧಿ ಅಲ್ಲ, ಬಿಡುವು" ಅಂದರು ಅಕ್ಕ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಹೋರಾಟ ಆಯಿತು ಅನ್ನುವುದು ಇಲ್ಲಿನವರಿಗೆಲ್ಲ ಗೊತ್ತು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಅಂತ ಮಗುವನ್ನು ಕಟ್ಟಿಕೊಂಡು ತಿರುಗುವ ತಾಯಂದಿರು ನಮ್ಮ ಊರಲ್ಲೇ ಇದ್ದಾರೆ. ಆಸ್ಪತ್ರೆ ಕಟ್ಟುವುದು ನಮ್ಮ ಕೈಲಿ ಇಲ್ಲ. ಒಂದು ಮನೆ ರಿಪೇರಿ ಮಾಡಬಹುದು.

2. ಡಿಸೆಂಬರ್ 8: ರ್‍ಯಾಂಪ್, ಮೊದಲ ಸಲ

ಅಂಗಳದಿಂದ ಜಗುಲಿಗೆ ಮೂರು ಮೆಟ್ಟಿಲು, ಒಟ್ಟು 54 ಸೆಂಟಿಮೀಟರ್ ಎತ್ತರ. ಮೂರು ಮೀಟರ್ ಉದ್ದದ ರ್‍ಯಾಂಪ್ ಸಾಕು ಅಂತ ನಾನೇ ಹೇಳಿದೆ. ಬೈಕು, ಕೈಗಾಡಿ ಹತ್ತಿಸುವುದನ್ನು ನೋಡಿದ ಕಣ್ಣಿನ ಅಂದಾಜು ಅದು. ಎರಡು ದಿನದಲ್ಲಿ ಕಾಂಕ್ರೀಟ್ ಹಾಕಿ, ಮೇಲೆ ನುಣ್ಣಗೆ ಸಿಮೆಂಟ್ ತೀಡಿದೆವು. ಖರ್ಚು 11,400 ರೂಪಾಯಿ.

ಹದಿನಾಲ್ಕು ದಿನ ನೀರು ಕಟ್ಟಿದ ಮೇಲೆ ವೀಲ್‌ಚೇರ್‌ನಲ್ಲಿ 25 ಕಿಲೋದ ಅಕ್ಕಿಚೀಲ ಕಟ್ಟಿ ಹತ್ತಿಸಿ ನೋಡಿದೆವು. ಅರ್ಧ ದಾರಿಗೇ ಮುಂದಿನ ಚಕ್ರ ನೆಲ ಬಿಟ್ಟಿತು. ಇಳಿಸುವಾಗ ನಮ್ಮ ತಂಡದ ಕಾಲೇಜು ಹುಡುಗನ ಕೈಯಿಂದ ಜಾರಿ, ಕುರ್ಚಿ ಅಂಗಳದ ತುಳಸಿಕಟ್ಟೆಗೆ ಬಡಿಯಿತು. ಚೀಲ ಒಡೆದು ಅಕ್ಕಿಯೆಲ್ಲ ಅಂಗಳದಲ್ಲಿ ಚೆಲ್ಲಿತು. ಯಾರೂ ಮಾತಾಡಲಿಲ್ಲ. ಆ ಚೀಲದ ತೂಕ ಎಂಟು ವರ್ಷದ ಮಗುವಿನ ತೂಕ.

ನಿಯಮ ಇರುವುದು 12ಕ್ಕೆ 1. ಒಂದು ಸೆಂಟಿಮೀಟರ್ ಏರಲು 12 ಸೆಂಟಿಮೀಟರ್ ಉದ್ದ. ನಮ್ಮ 54ಕ್ಕೆ ಸುಮಾರು ಆರೂವರೆ ಮೀಟರ್ ಬೇಕು. ನಾನು ಮಾಡಿಸಿದ್ದು ಅದರ ಅರ್ಧಕ್ಕಿಂತ ಕಮ್ಮಿ. ನೇರ ಎಳೆದರೆ ಅಂಗಳದ ಗೇಟಿಗೇ ತಾಗುತ್ತದೆ. ಅದಕ್ಕೆ ಎರಡನೇ ಸಲ ತಿರುವು ಕೊಟ್ಟೆವು: 3.3 ಮೀಟರ್ ಏರು, ಮಧ್ಯೆ ಒಂದೂವರೆ ಮೀಟರ್ ಚೌಕದ ಸಮತಟ್ಟು ಜಾಗ, ಮತ್ತೆ 3.3 ಮೀಟರ್. ಅಗಲ 1.2 ಮೀಟರ್. ಅಂಚಿನಲ್ಲಿ 8 ಸೆಂಟಿಮೀಟರ್ ಕಟ್ಟೆ, ಚಕ್ರ ಹೊರಗೆ ಹೋಗದ ಹಾಗೆ. ಕೈಹಿಡಿಯ ಪೈಪು ಎರಡು ಎತ್ತರದಲ್ಲಿ, 90 ಮತ್ತು 70 ಸೆಂಟಿಮೀಟರ್.

ನುಣ್ಣಗೆ ತೀಡಿದ್ದು ಇನ್ನೊಂದು ತಪ್ಪು. ನಮ್ಮ ಕಡೆ ಜೂನ್ ಕಳೆದರೆ ಅಂಗಳಕ್ಕೆಲ್ಲ ಪಾಚಿ. ಈ ಸಲ ಸಿಮೆಂಟ್ ಹಸಿ ಇರುವಾಗಲೇ ಕಡ್ಡಿಪೊರಕೆಯಿಂದ ಅಡ್ಡಡ್ಡ ಗೀರು ಎಳೆದೆವು.

ಲೆಕ್ಕ: ಚಿರೆಕಲ್ಲು 140, ಒಂದಕ್ಕೆ 48ರಂತೆ 6,720. ಸಿಮೆಂಟ್ 16 ಚೀಲ, 6,240. ಮರಳು ಜಲ್ಲಿ 5,500. ಮೇಸ್ತ್ರಿಗೆ ಐದು ದಿನಕ್ಕೆ 5,500. ಪೈಪು, ವೆಲ್ಡಿಂಗ್ 13,200. ಒಟ್ಟು 37,160. ಕೈಯಾಳು ಕೆಲಸ ನಾವೇ ಮಾಡಿದೆವು. ಮೊದಲಿನ ರ್‍ಯಾಂಪ್ ಒಡೆದು ಅದರ ಚೂರನ್ನೇ ಒಳಗೆ ತುಂಬಿದೆವು. ಅಷ್ಟಾದರೂ ಉಪಯೋಗಕ್ಕೆ ಬಂತು.

3. ಜನವರಿ 12, 2025: ಹೊಸ್ತಿಲು

ರ್‍ಯಾಂಪ್ ಆಯಿತು, ಇನ್ನು ಸಲೀಸು ಅಂದುಕೊಂಡು ಕುರ್ಚಿ ತಳ್ಳಿಕೊಂಡು ಹೋದರೆ ಹೆಬ್ಬಾಗಿಲಲ್ಲಿ ನಿಂತಿತು. ಹೊಸ್ತಿಲು 11 ಸೆಂಟಿಮೀಟರ್ ಎತ್ತರ. ಹೊನ್ನೆ ಮರದ್ದು. ಮೂರು ತಲೆಮಾರು ತುಳಿದು ಮಧ್ಯೆ ಸವೆದು ಹೊಳೆಯುತ್ತಿತ್ತು. ಮೂಲೆಯಲ್ಲಿ ಹಳೇ ಅರಿಶಿನದ ಬಣ್ಣ ಇನ್ನೂ ಹಿಡಿದುಕೊಂಡಿತ್ತು.

ಕೊಯ್ದು ಹಾಕಿ ಅಂದೆ. ಬಡಗಿ ಉಳಿ ಕೆಳಗಿಟ್ಟರು. "ಹೊಸ್ತಿಲಿಗೆ ಗರಗಸ ಹಾಕೂದು ನನ್ ಹತ್ರ ಆಗೂದಿಲ್ಲ ತಮ್ಮಾ. ಬೇರೆ ಎಂತ ಬೇಕಾದ್ರೂ ಹೇಳು." ಇನ್ನಿಬ್ಬರೂ ಹಾಗೇ ಅಂದರು. ಎರಡೂ ಕಡೆ ಹಲಗೆಯ ಇಳಿಜಾರು ಇಟ್ಟು ನೋಡಿದೆವು. ದಾಟುವಾಗ ಕುರ್ಚಿ ಕುಲುಕುತ್ತದೆ. ಕತ್ತು ನಿಲ್ಲದ ಮಗುವಿಗೆ ಆ ಕುಲುಕಾಟ ಆಗದು. ಹಲಗೆ ಮಳೆಗೆ ಉಬ್ಬುತ್ತದೆ ಕೂಡ.

ಮೂರು ವಾರ ಕೆಲಸ ಅಲ್ಲೇ ನಿಂತಿತು. ಕೊನೆಗೆ ಸಿರಸಿಗೆ ಹೋಗಿ ಅಮ್ಮನನ್ನೇ ಕೇಳಿದೆವು. ಕೇಳುವಾಗ ನನ್ನ ಎದೆ ಡವಡವ. ಈ ಮನೆಗೆ ಅವರು ಸೊಸೆಯಾಗಿ ಬಂದಾಗ ಸೇರು ಒದ್ದು ದಾಟಿದ ಹೊಸ್ತಿಲು ಅದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಇಷ್ಟೇ: "ತೆಗೀಲೇಬೇಕಾ? ತಗ್ಗಿಸೂದಕ್ಕೆ ಬರೂದಿಲ್ವಾ?"

ನಮಗೆ ಯಾರಿಗೂ ಅದು ಹೊಳೆದಿರಲಿಲ್ಲ. ಬಡಗಿ ದಾರಂದದ ಕೆಳಗಿನ ನೆಲ ಅಗೆದು, ಹೊಸ್ತಿಲನ್ನು ಹಾಗೇ ಇಡಿಯಾಗಿ 11 ಸೆಂಟಿಮೀಟರ್ ಕೆಳಗೆ ಇಳಿಸಿದರು. ಎರಡೂ ಕಡೆಯ ನಿಲುಗಂಬಕ್ಕೆ ಅಷ್ಟೇ ಉದ್ದದ ತುಂಡು ಬೆಸೆದರು. ಬಾಗಿಲಿನ ಕೆಳಗೂ ಪಟ್ಟಿ ಸೇರಿಸಿದರು. ಸವೆದ ತಗ್ಗು ಇತ್ತಲ್ಲ, ಅಲ್ಲಿ ನೀರು ನಿಲ್ಲದ ಹಾಗೆ ಹೊರಗಡೆಗೆ ಸಣ್ಣ ಕಾಲುವೆ ಕೆತ್ತಿದರು. ಈಗ ಹೊಸ್ತಿಲು ನೆಲದ ಮಟ್ಟಕ್ಕೇ ಇದೆ. ಕುರ್ಚಿ ಸಲೀಸಾಗಿ ಅದರ ಮೇಲೆ ಹೋಗುತ್ತದೆ. ಅಮ್ಮ ಬಂದು ಅರಿಶಿನ ಕುಂಕುಮ ಹಚ್ಚಿ ಹೋದರು. ಬಡಗಿ ಕೂಲಿ ತೆಗೆದುಕೊಳ್ಳಲಿಲ್ಲ. ಮರಕ್ಕೆ 1,900.

ಒಳಗಿನ ಮೂರು ಹೊಸ್ತಿಲುಗಳನ್ನೂ ಹೀಗೇ ಇಳಿಸಿದೆವು.

4. ಫೆಬ್ರವರಿ: ಬಚ್ಚಲು

ಬಾಗಿಲು 70 ಸೆಂಟಿಮೀಟರ್ ಇತ್ತು, 95 ಮಾಡಬೇಕು. ಈ ಕೆಲಸ ನಾನೇ ಮಾಡುತ್ತೇನೆ ಅಂತ ಹಟ ಹಿಡಿದಿದ್ದೆ. ಕಾರಣ ಮೇಲೆ ಹೇಳಿದ್ದೇನೆ. ಆ ಆತುರದಲ್ಲೇ ಎಡವಟ್ಟಾಯಿತು. ಮೇಲಿನ ಕಲ್ಲಿಗೆ ಆಸರೆ ಕಂಬ ಕೊಡದೆ ದಾರಂದ ಕಿತ್ತೆ. ಹಳೇ ಮಣ್ಣುಗಾರೆಯ ಗೋಡೆ, 38 ಸೆಂಟಿಮೀಟರ್ ದಪ್ಪ. ಹತ್ತು ನಿಮಿಷ ಸುಮ್ಮನಿತ್ತು. ಆಮೇಲೆ ಐದು ಕಲ್ಲು ಒಟ್ಟಿಗೇ ಕುಸಿದವು. ಒಂದು ನಿಮಿಷ ಮೊದಲು ಅದೇ ಜಾಗದಲ್ಲಿ ನಮ್ಮ ಹುಡುಗ ಕಸ ಬಾಚುತ್ತಿದ್ದ. ಮೇಸ್ತ್ರಿ ನನಗೆ ಬೈದರು. ಬೈಯಲೇಬೇಕಿತ್ತು. ಗೋಡೆ ಕೊರೆಯುವವರು ಮೊದಲು ಎರಡು ಜಾಕಿ ಅಥವಾ ಮರದ ಕಂಬ ಕೊಟ್ಟು, ಮೇಲೆ ಕಾಂಕ್ರೀಟ್ ಲಿಂಟಲ್ (ಬಾಗಿಲ ಮೇಲಿನ ಗೋಡೆ ಹೊರುವ ತೊಲೆ) ಕೂರಿಸಿ, ಆಮೇಲೆ ಕೆಳಗೆ ಕೈ ಹಾಕಿ. ನನ್ನ ತಪ್ಪಿಗೆ ಹೆಚ್ಚಿಗೆ ಬಿದ್ದ ಖರ್ಚು 6,300.

ಬಾಗಿಲು ಒಳಗೆ ತೆರೆಯುವುದು ಬೇಡ ಅಂತ ಪಕ್ಕಕ್ಕೆ ಸರಿಸುವ ಹಾಗೆ ಮಾಡಿದೆವು. ಒಳಗೆ ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಖಾಲಿ ಜಾಗ. ಜಾರದ ಟೈಲ್ಸ್. ಸ್ನಾನದ ಮಂಚ ಸೊಂಟದ ಎತ್ತರಕ್ಕೆ, ಮೀಯಿಸುವವರು ಬಗ್ಗಬಾರದು.

ನೀರಿನ ಬಿಸಿಗೆ ಹೆಚ್ಚು ಗಮನ ಬೇಕು. ಹಂಡೆಯ ನೀರು ನಮಗೆಲ್ಲ ಇಷ್ಟ. ಆದರೆ ಬಿಸಿ ತಾಗಿದರೂ ಹೇಳಲು ಬಾರದ ಮಕ್ಕಳಿರುತ್ತಾರೆ. ಗೀಸರಿಗೆ ಬಿಸಿ ತಣ್ಣೀರು ಬೆರೆಸಿ ಕೊಡುವ ವಾಲ್ವ್ ಹಾಕಿ 38 ಡಿಗ್ರಿಗೆ ಕಟ್ಟಿಟ್ಟಿದ್ದೇವೆ. ಆದರೂ ಪ್ರತಿ ಸಲ ಮೊಣಕೈ ಅದ್ದಿ ನೋಡಬೇಕು ಅಂತ ಅಕ್ಕನ ಕಟ್ಟಪ್ಪಣೆ.

5. ಏಪ್ರಿಲ್ 20ರಿಂದ ಮೇ ಕೊನೆ: ಹಂಚಿನ ಮಾಡು

ಮಕ್ಕಳ ಕೋಣೆಯ ಮೇಲಿನ ಹಂಚೆಲ್ಲ ಇಳಿಸಿ ನೋಡಿದರೆ 38 ರೀಪು (ಹಂಚು ಕೂರುವ ಮರದ ಪಟ್ಟಿ) ಗೆದ್ದಲು ತಿಂದು ಟೊಳ್ಳು. ರೀಪು ಹೊರುವ ಪಕಾಸಿ ಗಟ್ಟಿ ಇದ್ದವು, ಮತ್ತಿ ಮರ. ರೀಪು ಹೊಸದು ತಂದೆವು, ಸುಮಾರು 950 ಹಂಚಿನಲ್ಲಿ ಒಡೆದ 210ಕ್ಕೆ ಹಳೇ ಹಂಚನ್ನೇ ಹುಡುಕಿ ತಂದೆವು. ಒಂದಕ್ಕೆ 22 ರೂಪಾಯಿ. ಕಂಪನಿ ಬೇರೆಯಾದರೆ ಹಂಚಿನ ತುಟಿ ಒಂದಕ್ಕೊಂದು ಕೂರುವುದಿಲ್ಲ. 60 ಹಂಚು ಹಾಗೆ ವಾಪಸ್ ಹೋದವು. ತರುವ ಮೊದಲು ಮನೆಯ ಒಂದು ಹಂಚು ಹಿಡಿದುಕೊಂಡು ಹೋಗಿ, ಅಲ್ಲೇ ಜೋಡಿಸಿ ನೋಡಿ.

ಗೆದ್ದಲಿಗೆ ನಮ್ಮ ಕಡೆಯ ಮದ್ದು ಗೇರೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಗೂ ಅದೇ, ಮಾಡಿಗೂ ಅದೇ. ಹಚ್ಚುವಾಗ ಇಬ್ಬರು ಗ್ಲೌಸ್ ಹಾಕಿರಲಿಲ್ಲ. ಮರುದಿನ ಕೈ ತುಂಬಾ ಬೊಬ್ಬೆ. ವಾಸನೆಯಂತೂ ಆರು ವಾರ ಹೋಗಲಿಲ್ಲ. ಉಸಿರಾಟದ ತೊಂದರೆ ಇರುವ ಮಕ್ಕಳು ಬರುವ ಮನೆಗೆ ಗೇರೆಣ್ಣೆ ಹಚ್ಚುವುದಾದರೆ ಎರಡು ತಿಂಗಳು ಮೊದಲೇ ಮುಗಿಸಿ, ಕಿಟಕಿ ತೆರೆದಿಡಿ.

ಜೂನ್ ಮೊದಲ ವಾರದವರೆಗೆ ಟೈಮ್ ಇದೆ ಅಂತ ನಿಧಾನ ಮಾಡಿದ್ದು ದೊಡ್ಡ ತಪ್ಪು. 2025ರಲ್ಲಿ ಕೇರಳಕ್ಕೇ ಮುಂಗಾರು ಮೇ 24ಕ್ಕೆ ಬಂತು. ಅದಕ್ಕೂ ಮೊದಲೇ ನಮ್ಮಲ್ಲಿ ಮಳೆ ಶುರುವಾಗಿತ್ತು, ಅರ್ಧ ಮಾಡು ಬಯಲಾಗಿತ್ತು. ರಾತ್ರಿ ಹನ್ನೊಂದಕ್ಕೆ ಮೀನುಗಾರ ಗೆಳೆಯರು ದೋಣಿಗೆ ಹೊದಿಸುವ ಟಾರ್ಪಾಲು ತಂದು, ಮಳೆಯಲ್ಲೇ ಮಾಡು ಹತ್ತಿ ಕಟ್ಟಿದರು. ಅವರ ಗಂಟು ನಾಲ್ಕು ದಿನದ ಗಾಳಿಗೂ ಸಡಿಲಲಿಲ್ಲ. ಆದರೂ ಒಂದು ಗೋಡೆ ನೆನೆದು ಹೊಸ ಸುಣ್ಣ ಎದ್ದುಹೋಯಿತು. ಮಾಡಿನ ಕೆಲಸ ಮಾರ್ಚಿಗೇ ಹಿಡಿಯಬೇಕಿತ್ತು.

6. ಮಂಚ ಮತ್ತು ಎತ್ತುವ ಯಂತ್ರ

ಆಸ್ಪತ್ರೆ ಮಂಚ ಎರಡು ದಾನವಾಗಿ ಬಂದವು. ದೊಡ್ಡವರ ಮಂಚ, ತುಂಬಾ ಎತ್ತರ. ಮಗು ಬಿದ್ದರೆ ಅಂತ ನಾಲ್ಕೂ ಕಾಲು 10 ಸೆಂಟಿಮೀಟರ್ ಕೊಯ್ದುಬಿಟ್ಟೆ. ಮುಂದಿನ ವಾರ ಮಗುವನ್ನು ಎತ್ತಿ ಕುರ್ಚಿಗೆ ಕೂರಿಸುವ ಹೈಡ್ರಾಲಿಕ್ ಯಂತ್ರ ಬಂತು, 28,500 ರೂಪಾಯಿ. ಅದರ ಕಾಲು ಮಂಚದ ಅಡಿಗೆ ಹೋಗಬೇಕು, 12 ಸೆಂಟಿಮೀಟರ್ ಜಾಗ ಬೇಕು. ನಾನು ಕೊಯ್ದ ಮೇಲೆ ಉಳಿದದ್ದು 9. ಕೊಯ್ದ ತುಂಡುಗಳನ್ನೇ ಹುಡುಕಿ ಮತ್ತೆ ಬೆಸೆದೆ. ಯಾವುದನ್ನೂ ಕೊಯ್ಯುವ ಮೊದಲು ಅದರ ಜೊತೆ ಕೆಲಸ ಮಾಡುವ ಸಾಮಾನೆಲ್ಲ ಮನೆಗೆ ಬಂದಿರಬೇಕು.

ಮಂಚದ ಪಕ್ಕದ ಕಂಬಿಗಳ ನಡುವೆ 14 ಸೆಂಟಿಮೀಟರ್ ಸಂದು ಇತ್ತು. ಪುಟ್ಟ ಮಗುವಿನ ತಲೆ ಸಿಕ್ಕಿಕೊಳ್ಳಬಹುದು. ನಡುವೆ ಒಂದೊಂದು ಕಂಬಿ ಹೆಚ್ಚಿಗೆ ಬೆಸೆದು 6ಕ್ಕಿಂತ ಕಮ್ಮಿ ಮಾಡಿ, ಮೇಲೆ ದಪ್ಪ ಬಟ್ಟೆ ಸುತ್ತಿದೆವು.

7. ಜೂನ್ 8: ಆಕ್ಸಿಜನ್ ಮತ್ತು ಕರೆಂಟು

ಮಳೆಗಾಲದಲ್ಲಿ ನಮ್ಮ ಊರಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ಮರ ಬಿದ್ದರೆ ಇಡೀ ರಾತ್ರಿ. ನಿಮಿಷಕ್ಕೆ 5 ಲೀಟರಿನ ಆಕ್ಸಿಜನ್ ಕಾನ್ಸೆಂಟ್ರೇಟರ್ (ಗಾಳಿಯಿಂದಲೇ ಆಕ್ಸಿಜನ್ ಬೇರೆ ಮಾಡಿ ಕೊಡುವ ಯಂತ್ರ) ಒಂದು ಕೋವಿಡ್ ಸಮಯದ್ದು ದಾನ ಬಂದಿತ್ತು. ಡಾಕ್ಟರ್ ಚೀಟಿ ಇರುವ ಮಗುವಿಗೆ ಮಾತ್ರ ಅದು. 350 ವ್ಯಾಟ್ ಎಳೆಯುತ್ತದೆ. ಇನ್ವರ್ಟರ್ ಜೊತೆ 12 ವೋಲ್ಟಿನ 150 ಆಂಪಿಯರ್ ಅವರ್ ಬ್ಯಾಟರಿ ತಂದೆವು, 24,000. 12ನ್ನು 150ರಿಂದ ಗುಣಿಸಿದರೆ 1800, ಅದನ್ನು 350ರಿಂದ ಭಾಗಿಸಿದರೆ ಐದು ಗಂಟೆ. ಹಾಗಂತ ಗೋಡೆ ಮೇಲೆ ಬರೆದೂ ಇಟ್ಟೆ.

ಅಕ್ಕ ನಂಬಲಿಲ್ಲ. "ಬರೆದದ್ದು ಇರಲಿ, ಓಡಿಸಿ ತೋರಿಸು" ಅಂದರು. ಮೇನ್ ಸ್ವಿಚ್ ಇಳಿಸಿ, ಒಂದು ಫ್ಯಾನು ಎರಡು ಬಲ್ಬಿನ ಜೊತೆ ಓಡಿಸಿದೆವು. 2 ಗಂಟೆ 50 ನಿಮಿಷಕ್ಕೆ ಇನ್ವರ್ಟರ್ ಕೂಗಿತು. ಬ್ಯಾಟರಿ ಪೂರ್ತಿ ಖಾಲಿಯಾಗಲು ಬಿಡಲಾಗದು, ಇನ್ವರ್ಟರೂ ಒಂದಿಷ್ಟು ತಿನ್ನುತ್ತದೆ, ಫ್ಯಾನಿನ ಪಾಲು ಬೇರೆ. ಗೋಡೆ ಮೇಲಿನ ಬರಹ ಅಳಿಸಿ "ಎರಡೂವರೆ ಗಂಟೆ" ಅಂತ ಬರೆದೆ. ಆ ಐದು ಗಂಟೆ ನಂಬಿಕೊಂಡು ಯಾರಾದರೂ ಒಂದು ರಾತ್ರಿ ಕೂತಿದ್ದರೆ ಅನ್ನುವ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಅದಕ್ಕೇ ಜೊತೆಗೆ ಬಿ ಟೈಪ್ ಸಿಲಿಂಡರ್ ಎರಡು. ಒಂದರಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡು ಗಂಟೆ. ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ್ದೇವೆ.

ಸಿಲಿಂಡರಿಗೆ ರೆಗ್ಯುಲೇಟರ್ ಕೂರಿಸುವಾಗ ಮರೆ (ಥ್ರೆಡ್) ಬಿಗಿ ಇತ್ತು. ಅಭ್ಯಾಸಬಲದಿಂದ ಜೇಬಿನಿಂದ ಗ್ರೀಸ್ ಡಬ್ಬಿ ತೆಗೆದೆ. ಮೂವತ್ತು ವರ್ಷ ಪಂಪಿಗೆ ಹಚ್ಚಿದ ಕೈ. ಅಕ್ಕ ಕೂಗಿಕೊಂಡು ಬಂದು ಕೈ ಹಿಡಿದರು. ಒತ್ತಡದ ಆಕ್ಸಿಜನ್‌ಗೆ ಎಣ್ಣೆ, ಗ್ರೀಸ್ ತಾಗಿದರೆ ಬೆಂಕಿ ಹತ್ತುತ್ತದೆ. ಎಣ್ಣೆ ಕೈಯಲ್ಲೂ ಮುಟ್ಟಬಾರದು. ನನಗೆ ಗೊತ್ತಿರಲಿಲ್ಲ. ಮೆಕ್ಯಾನಿಕ್‌ಗಳೇ, ದಯವಿಟ್ಟು ಇದನ್ನು ಎರಡು ಸಲ ಓದಿ.

ಕಫ ಎಳೆಯುವ ಸಕ್ಷನ್ ಯಂತ್ರ ಕರೆಂಟಿನದು ಒಂದು, ಕಾಲಲ್ಲಿ ತುಳಿಯುವುದು ಒಂದು.

8. ಜೂನ್ 14: ಒಬ್ಬ ತಾಯಿ ಬಂದು ನೋಡಿದ್ದು

ಈ ಕೆಲಸ ನವೆಂಬರಿನಲ್ಲೇ ಆಗಬೇಕಿತ್ತು. ಏಳು ತಿಂಗಳು ನಾವೇ ಅಳೆದೆವು, ನಾವೇ ತೀರ್ಮಾನ ಮಾಡಿದೆವು. ಅಂಕೋಲಾ ಕಡೆಯ ಒಬ್ಬ ತಾಯಿಯನ್ನು ಅಕ್ಕ ಕರೆದುಕೊಂಡು ಬಂದರು. ಅವರ ಮಗಳಿಗೆ ಒಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ), ಜೊತೆಗೆ ಫಿಟ್ಸ್. ಊಟ ಮೂಗಿನ ನಳಿಕೆಯಲ್ಲಿ.

ರ್‍ಯಾಂಪ್, ಬಚ್ಚಲು ನೋಡಿ ಏನೂ ಹೇಳಲಿಲ್ಲ. ಮಕ್ಕಳ ಕೋಣೆಗೆ ಬಂದವರು ಸೀದಾ ಹೋಗಿ ಮಂಚದ ಮೇಲೆ ಅಂಗಾತ ಮಲಗಿದರು. "ಅಣ್ಣಾ, ಇಲ್ಲಿ ಬಂದು ಮಲಗಿ ನೋಡಿ" ಅಂದರು. ಮಲಗಿದೆ. ಟ್ಯೂಬ್‌ಲೈಟ್ ಸರಿಯಾಗಿ ಕಣ್ಣಿಗೇ. "ಇವಳಿಗೆ ಕತ್ತು ತಿರುಗಿಸೂದಕ್ಕೆ ಬರೂದಿಲ್ಲ. ಇಡೀ ದಿನ ನೋಡೂದು ಇದನ್ನೇ." ಹನ್ನೊಂದು ಜನ ಎಷ್ಟೋ ಸಲ ಆ ಕೋಣೆಗೆ ಬಂದಿದ್ದೆವು. ಒಬ್ಬರೂ ಮಲಗಿ ನೋಡಿರಲಿಲ್ಲ.

ಆಗಲೇ ಮಳೆ ಜೋರಾಯಿತು. ಕೋಣೆಯ ಹೊರಗೆ ಇಳಿಮಾಡಿಗೆ ತಗಡು ಹಾಕಿದ್ದೆವು, ಹಂಚಿಗಿಂತ ಸಸ್ತಾ ಅಂತ. ಒಳಗೆ ಮಾತೇ ಕೇಳದಷ್ಟು ಸದ್ದು. ಮಡಿಲಲ್ಲಿದ್ದ ಮಗು ಬೆಚ್ಚಿ ಬೆಚ್ಚಿ ಬಿತ್ತು. ತಾಯಿ ಅವಳ ಕಿವಿಗೆ ಎರಡೂ ಅಂಗೈ ಮುಚ್ಚಿ, ಮಳೆ ಕಮ್ಮಿಯಾಗುವವರೆಗೆ ಹಾಗೇ ಕೂತಿದ್ದರು. ಇಪ್ಪತ್ತು ನಿಮಿಷ ಆಗಿರಬೇಕು.

ಆಮೇಲೆ ಕೇಳಿದರು: "ನಾನು ಎಲ್ಲಿ ಮಲಗೂದು?" ಪಕ್ಕದ ಕೋಣೆ ತೋರಿಸಿದೆವು, ಹತ್ತಿರ ಇರಲಿ ಅಂತಲೇ ಮಾಡಿದ್ದು. "ಇಲ್ಲಿ ನನಗೆ ನಿದ್ದೆ ಬರೂದಿಲ್ಲ. ಅವಳು ಉಸಿರು ಎಳೆದದ್ದೂ ಕೇಳ್ತದೆ. ಹತ್ತು ಹೆಜ್ಜೆಗೆ ಓಡಿ ಬರೂ ಹಾಗಿರಬೇಕು, ಆದರೆ ಕೇಳಬಾರದು." ಒಂಬತ್ತು ವರ್ಷದಿಂದ ಅವರು ಎರಡು ಗಂಟೆಗಿಂತ ಜಾಸ್ತಿ ಒಂದೇ ಸಲ ಮಲಗಿಲ್ಲ.

ಮುಂದಿನ ಐದು ವಾರ ಅವರು ಹೇಳಿದ್ದನ್ನೇ ಮಾಡಿದೆವು. ಟ್ಯೂಬ್‌ಲೈಟ್ ಕಿತ್ತು, ಗೋಡೆಯ ಕಡೆ ಬೆಳಕು ಚೆಲ್ಲುವ ಹಳದಿ ಬಲ್ಬು ಮಂಚದ ತಲೆಯ ಹಿಂದೆ ಹಾಕಿದೆವು. ಮಳೆಗಾಲದಲ್ಲಿ ತಗಡು ತೆಗೆಯಲಾಗದು. ತೆಂಗಿನ ಮಡಲು ಎರಡು ಪದರ ಹೆಣೆದು ಮೇಲೆ ಕಟ್ಟಿದೆವು, ಸದ್ದು ಅರ್ಧಕ್ಕೆ ಇಳಿಯಿತು. ಮಳೆ ಮುಗಿದ ಮೇಲೆ ಅಲ್ಲೂ ಹಂಚೇ. ತಾಯಿಯ ಕೋಣೆ ಹಿಂದಿನ ಪಡಸಾಲೆಗೆ ಹೋಯಿತು, ನಡುವೆ ಎರಡು ಬಾಗಿಲು, ಹನ್ನೊಂದು ಹೆಜ್ಜೆ. ಬೇಕಾದರೆ ಮಾತ್ರ ಕರೆಯಲು ಒಂದು ಕರೆಗಂಟೆ. ಅಡುಗೆಮನೆಯಲ್ಲಿ ನಳಿಕೆ ಊಟಕ್ಕೆ ಬೇರೆ ಮಿಕ್ಸಿ, ಬೇರೆ ಜರಡಿ. ಗಂಜಿಯಲ್ಲಿ ಒಂದು ಗಟ್ಟಿ ಅಗುಳು ಉಳಿದರೂ ನಳಿಕೆ ಕಟ್ಟುತ್ತದೆ.

ತಲೆಯ ಮೇಲಿನ ಸೂರಿಗೆ ಶಾಲೆ ಮಕ್ಕಳು ಕಾಗದದ ಮೀನು ಮಾಡಿಕೊಟ್ಟರು. ಫ್ಯಾನಿನ ಗಾಳಿಗೆ ನಿಧಾನ ತಿರುಗುತ್ತವೆ.

9. ಕೊನೆಯ ಕೋಣೆ

ಇದನ್ನು ಬರೆಯಲು ಕಷ್ಟ. ಪೂರ್ವಕ್ಕೆ ಕಿಟಕಿ ಇರುವ ಒಂದು ಕೋಣೆ ಹಾಸ್ಪೈಸಿಗೆ ಅಂತ ಇಟ್ಟಿದ್ದೇವೆ. ಅದಕ್ಕೆ ಆಸ್ಪತ್ರೆ ಮಂಚ ಬೇಡ ಅಂದರು ಅಕ್ಕ. ಅವರು ಮೂವತ್ತು ವರ್ಷ ವಾರ್ಡಿನಲ್ಲಿ ಕಂಡದ್ದು ಒಂದೇ: ಕೊನೆಯಲ್ಲಿ ತಾಯಿ ಮಗುವಿನ ಪಕ್ಕ ಮಲಗಲು ನೋಡುತ್ತಾಳೆ, ಮಂಚದಲ್ಲಿ ಜಾಗ ಇರುವುದಿಲ್ಲ, ಕಂಬಿ ಅಡ್ಡ. ನಮ್ಮ ಬಡಗಿ ಹಲಸಿನ ಮರದಲ್ಲಿ ಐದು ಅಡಿ ಅಗಲದ ತಗ್ಗು ಮಂಚ ಮಾಡಿದರು. ಮೂಲೆಗಳನ್ನೆಲ್ಲ ಉಜ್ಜಿ ಗುಂಡಗೆ ಮಾಡಿದ್ದಾರೆ. ಅಡಿಯಲ್ಲಿ ಯಂತ್ರದ ಕಾಲಿಗೆ 13 ಸೆಂಟಿಮೀಟರ್ ಜಾಗ ಬಿಟ್ಟಿದ್ದಾರೆ, ಈ ಸಲ ಮೊದಲೇ ಅಳೆದು. ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸುವಷ್ಟು ಖಾಲಿ. ನಮ್ಮಲ್ಲಿ ಹಲವು ಮನೆಯವರಿಗೆ ಅದು ಬೇಕಾಗುತ್ತದೆ. ಹೊರಗೆ ಅಂಗಳಕ್ಕೆ ನೇರ ಒಂದು ಬಾಗಿಲು, ಬಂಧುಗಳು ಬೇರೆ ಮಕ್ಕಳ ಕೋಣೆ ಹಾದು ಬರಬೇಕಾಗಿಲ್ಲ.

ನೋವಿಗೆ ಮಾರ್ಫಿನ್ ಇಲ್ಲದೆ ಈ ಕೋಣೆ ತೆರೆಯಬಾರದು ಅಂತ ನಾವೆಲ್ಲ ಒಪ್ಪಿದ್ದೇವೆ. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆ (ಎನ್‌ಡಿಪಿಎಸ್) ತಿದ್ದುಪಡಿಯಾದ ಮೇಲೆ ಹಲವು ಲೈಸೆನ್ಸ್‌ಗಳ ಬದಲು ಒಂದೇ ಮಾನ್ಯತೆ ಸಾಕು. ಆದರೆ ಆ ಮಾನ್ಯತೆಗೆ ಮೊದಲು ತರಬೇತಾದ ಡಾಕ್ಟರ್ ಬೇಕು. ಒಬ್ಬರ ಜೊತೆ ಮಾತು ನಡೆದಿದೆ. ಅಲ್ಲಿಯವರೆಗೆ ಬಾಗಿಲು ಮುಚ್ಚಿಯೇ ಇರುತ್ತದೆ, ವಾರಕ್ಕೊಮ್ಮೆ ಕಸ ಹೊಡೆದು ಕಿಟಕಿ ತೆರೆಯುತ್ತೇವೆ.

ಊರಲ್ಲಿ ಕೆಲವರು ಇದನ್ನು "ಸಾಯೋ ಮಕ್ಕಳ ಮನೆ" ಅಂದರು. ಅದು ಅಂಕೋಲಾ ಕಡೆಯ ಆ ತಾಯಿಯ ಕಿವಿಗೂ ಬಿತ್ತು. ತುಂಬಾ ಬೇಜಾರಾಯಿತು. ಹೆಸರಿನ ಬೋರ್ಡು ಹಾಕಲೇ ಇಲ್ಲ. ರಿಕ್ಷಾದವರು ಈಗ "ಮಕ್ಕಳ ಮನೆ" ಅನ್ನುತ್ತಾರೆ, ಅದೇ ಸಾಕು.

10. ಆಗಸ್ಟ್ 23, 24

ಬಂದದ್ದು ಅದೇ ತಾಯಿ, ಅದೇ ಮಗಳು. ರಾತ್ರಿ ಪಾಳಿ ಇಬ್ಬರದು: ಒಬ್ಬರು ನರ್ಸ್, ಒಬ್ಬರು ನಮ್ಮವರು. ಮೊದಲ ರಾತ್ರಿ ತಾಯಿ ನಾಲ್ಕು ಸಲ ಬಂದು ಬಾಗಿಲಲ್ಲಿ ನಿಂತು ಹೋದರು. ಎರಡನೇ ರಾತ್ರಿ ಎಂಟೂವರೆಗೆ ಮಲಗಿದವರು ಎದ್ದದ್ದು ಬೆಳಿಗ್ಗೆ ಏಳೂವರೆಗೆ. ಮಧ್ಯರಾತ್ರಿ ಕರೆಂಟು ಹೋಗಿ ಎರಡು ಗಂಟೆ ಬರಲಿಲ್ಲ, ಇನ್ವರ್ಟರ್ ಹಿಡಿಯಿತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಎದ್ದು ಬಂದು ಮಗಳ ತಲೆ ಬಾಚಿ ಎರಡು ಜಡೆ ಹಾಕಿದರು. ಆಮೇಲೆ ಜಗುಲಿಯಲ್ಲಿ ಕೂತು ಬಿಸಿ ಕಷಾಯ ಕುಡಿದರು. ಬಿಸಿ ಇರುವಾಗಲೇ ಕುಡಿದು ಎಷ್ಟೋ ವರ್ಷ ಆಯಿತು ಅಂದರು.

ಇಲ್ಲಿವರೆಗಿನ ಖರ್ಚು 4,86,000 ರೂಪಾಯಿ. ತಪ್ಪು ಮಾಡಿ ಮತ್ತೆ ಮಾಡಿದ್ದಕ್ಕೆ ಹೋದದ್ದು ಅದರಲ್ಲಿ 43,000 ಹತ್ತಿರ.

ಸೋಮವಾರ ಸಂಜೆ ಕೂತು ಆದ ಲೋಪಗಳನ್ನು ಬರೆದೆವು. ಸ್ನಾನದ ಮಂಚದ ಒಂದು ಚಕ್ರ ಕಿರುಗುಟ್ಟುತ್ತದೆ. ರ್‍ಯಾಂಪಿನ ತಿರುವಿನಲ್ಲಿ ಪಾಚಿ ಹಿಡಿಯುತ್ತಿದೆ, ವಾರಕ್ಕೆ ಎರಡು ಸಲ ಉಜ್ಜಬೇಕು. ತಾಯಿಯನ್ನು ಕರೆಯುವ ಗಂಟೆಯ ಗುಂಡಿ ನೆಲದಿಂದ 120 ಸೆಂಟಿಮೀಟರ್ ಮೇಲಿದೆ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಮೇಲೆ ಕೂತವರ ಕೈಗೆ ಅದು ಎಟುಕುವುದಿಲ್ಲ. ಈ ಭಾನುವಾರ 45ಕ್ಕೆ ಇಳಿಸುತ್ತೇವೆ.